ಕೈತುಂಬ ಆರ್ಡರ್, ಕೈಯಲ್ಲಿ ಕಾಸಿಲ್ಲ: ಕಲ್ಲಿನ ಅಡುಗೆಕಟ್ಟೆ ಮಾಡುವವರ ಲಾಭ ಎಲ್ಲಿ ಸೋರುತ್ತದೆ?

ಪ್ರಶ್ನೆ: ಕಲ್ಲಿನ ಅಡುಗೆಕಟ್ಟೆ ಮಾಡಿಕೊಡುವ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಕಲ್ಲು ಕತ್ತರಿಸುವ ದೊಡ್ಡ ಯಂತ್ರ, ಬ್ರಿಡ್ಜ್ ಕಟ್ಟರ್, ಒಂದಿದೆ. ಅಂಚು ತೀಡಿ ಕೈಯಲ್ಲಿ ಪಾಲಿಶ್ ಮಾಡುವವರು ನಾಲ್ವರು, ಫಿಟ್ಟಿಂಗ್‌ಗೆ ಇಬ್ಬರು. ಎರಡು ವಾರ ಮುಂಚಿತವಾಗಿಯೇ ಆರ್ಡರ್ ತುಂಬಿರುತ್ತದೆ. ಕಲ್ಲು, ಕೂಲಿ, ಸಾಗಣೆ ಸೇರಿಸಿ, ಅದರ ಮೇಲೆ ಶೇ 20 ಇಟ್ಟೇ ಚದರ ಅಡಿಗೆ ದರ ಹೇಳುತ್ತೇನೆ. ಆದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಂಗಳದಲ್ಲಿ ತುಂಡುಕಲ್ಲು ಮಾತ್ರ ಬೆಳೆಯುತ್ತಿದೆ. ಇನ್ನೊಬ್ಬರು ನನಗಿಂತ ಶೇ 5 ಕಡಿಮೆಗೆ ಮಾಡಿಕೊಡುತ್ತಿದ್ದಾರೆ, ನಾನೂ ಇಳಿಸಬೇಕೆ? ಸಾಲ ಮಾಡಿ ಸಿಎನ್‌ಸಿ ಯಂತ್ರ (ಕಂಪ್ಯೂಟರ್ ನಡೆಸುವ ಕಲ್ಲು ಕೊರೆಯುವ ಯಂತ್ರ) ತರೋಣ ಎಂದು ಮಗ ಹೇಳುತ್ತಾನೆ. ಗ್ರಾನೈಟ್ ಬಿಟ್ಟು ಕ್ವಾರ್ಟ್ಸ್ (ಕಲ್ಲಿನ ಪುಡಿಗೆ ಅಂಟು ಸೇರಿಸಿ ಮಾಡಿದ ಕೃತಕ ಕಲ್ಲು) ಮಾತ್ರ ಮಾಡಿ, ಅದರಲ್ಲೇ ಲಾಭ ಎಂದು ಸ್ಲ್ಯಾಬ್ (ದೊಡ್ಡ ಕಲ್ಲುಹಲಗೆ) ಮಾರುವವರು ಹೇಳುತ್ತಾರೆ. ಒಬ್ಬ ಬಿಲ್ಡರ್ 60 ಮನೆಗಳ ಕಟ್ಟೆಗಳನ್ನು ಒಟ್ಟಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ, ದರ ಮಾತ್ರ ತೀರಾ ಕಡಿಮೆ. ಯಾವುದನ್ನು ಮೊದಲು ಮಾಡಲಿ?

ಉತ್ತರ: ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ನಿಮ್ಮ ಚಿಂತೆ ಒಂದೇ. ದುಡಿಮೆಗೆ ಕೊರತೆಯಿಲ್ಲ, ದುಡ್ಡು ಎಲ್ಲಿ ಹೋಗುತ್ತಿದೆ? ಈ ಪ್ರಶ್ನೆ ಕೇಳುವವರು ನೀವೊಬ್ಬರೇ ಅಲ್ಲ. ಕಲ್ಲಿನ ವರ್ಕ್‌ಶಾಪುಗಳ ಲೆಕ್ಕಪತ್ರ ನೋಡಿ ಸಲಹೆ ಕೊಡುವುದು ನನ್ನ ಕೆಲಸ. ಕೆಲಸವಿಲ್ಲದೆ ಬಾಗಿಲು ಹಾಕಿದವರಿಗಿಂತ, ಕೆಲಸ ತುಂಬಿ ತುಳುಕುತ್ತಿರುವಾಗಲೇ ಬಾಗಿಲು ಹಾಕಿದವರನ್ನು ಹೆಚ್ಚು ಕಂಡಿದ್ದೇನೆ. ದರ ಇಳಿಸುವುದು, ಯಂತ್ರ ತರುವುದು, ಕಲ್ಲು ಬದಲಿಸುವುದು, ದೊಡ್ಡ ಆರ್ಡರ್ ಹಿಡಿಯುವುದು ಎಲ್ಲವೂ ಮಾಡಬಹುದಾದವೇ. ಆದರೆ ಸೋರುವ ಜಾಗ ಹುಡುಕದೆ ಮಾಡಿದರೆ ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಕಲ್ಲನ್ನು ಸ್ಲ್ಯಾಬ್‌ಗಟ್ಟಲೆ ಕೊಳ್ಳುತ್ತೀರಿ, ಕೆಲಸಗಾರರಿಗೆ ಗಂಟೆಗಳ ಲೆಕ್ಕದಲ್ಲಿ ಸಂಬಳ ಕೊಡುತ್ತೀರಿ, ಮಾರುವಾಗ ಮಾತ್ರ ಚದರ ಅಡಿಗೆ ಮಾರುತ್ತೀರಿ. ಈ ಮೂರು ಅಳತೆಗಳ ನಡುವಿನ ಸಂದಿಯಲ್ಲಿ ನಿಮ್ಮ ಲಾಭ ಬಿದ್ದುಹೋಗುತ್ತಿದೆ. ಮುಂದೆ ಹೇಳುವುದೆಲ್ಲ ಆ ಸಂದಿಯ ಮಾತೇ.

ಶೇ 20 ಎಂಬ ಸಮಾಧಾನ

ಒಂದು ಕೆಲಸಕ್ಕೆ ಕಲ್ಲು, ಕೂಲಿ, ಸಾಗಣೆ ಸೇರಿ 100 ಖರ್ಚಾಯಿತು ಎಂದಿಟ್ಟುಕೊಳ್ಳಿ. ನೀವು 120ಕ್ಕೆ ಮಾರಿದಿರಿ. 120ರಲ್ಲಿ 20 ಎಂದರೆ ಮಾರಾಟದ ಶೇ 16.7. ಖರ್ಚಿನ ಮೇಲಿನ ಶೇ 20ನ್ನು ಮಾರಾಟದ ಮೇಲಿನ ಶೇ 20 ಎಂದು ಭಾವಿಸಿ ವರ್ಷದ ಲೆಕ್ಕ ಮಾಡುವವರು ಅಲ್ಲಿಯೇ ಎಡವುತ್ತಾರೆ. ಈ 20ರಲ್ಲೇ ಬಾಡಿಗೆ, ಕಚೇರಿ, ಸಾಲದ ಬಡ್ಡಿ, ವಾಹನದ ರಿಪೇರಿ, ಯಂತ್ರದ ಸವಕಳಿ ಎಲ್ಲವೂ ತೀರಬೇಕು. ನಿಮ್ಮ ಸ್ವಂತ ಸಂಬಳವೂ ಇದರಲ್ಲೇ ಬರಬೇಕು. ಮಾಲೀಕ ತನ್ನ ದುಡಿಮೆಗೆ ಬೆಲೆ ಕಟ್ಟದೆ ಹಾಕುವ ಲೆಕ್ಕ ನನ್ನ ದೃಷ್ಟಿಯಲ್ಲಿ ಲೆಕ್ಕವೇ ಅಲ್ಲ. ಇವೆಲ್ಲ ಸೇರಿ ಒಂದು ಕೆಲಸಕ್ಕೆ 15 ಬಿದ್ದರೆ ಉಳಿಯುವುದು 5.

ಈಗ ಶೇ 5 ಇಳಿಸಿ ನೋಡಿ. 120 ಇದ್ದದ್ದು 114 ಆಯಿತು. ಕೈಯಲ್ಲಿ ಉಳಿದದ್ದು 14. ಬೇಕಾಗಿರುವುದು 15. ‘ಕೇವಲ ಶೇ 5’ ಎಂದು ಇಳಿಸಿದ್ದು ಲಾಭವನ್ನು ಪೂರ್ತಿ ನುಂಗಿ ನಷ್ಟಕ್ಕೆ ತಂದು ನಿಲ್ಲಿಸಿತು. ದರ ಇಳಿಸಿದರೆ ಕೆಲಸ ಹೆಚ್ಚುತ್ತದಲ್ಲ ಎನ್ನಬಹುದು. ಮೊದಲು 10 ಕಟ್ಟೆಗಳಿಂದ ಬರುತ್ತಿದ್ದ 200ನ್ನು ತುಂಬಲು ಈಗ 14 ಕಟ್ಟೆ ಮಾಡಿದರೂ 196 ಮಾತ್ರ. ಈಗಲೇ ಎರಡು ವಾರದ ಕೆಲಸ ಬಾಕಿ ಇರುವ ನಿಮ್ಮ ವರ್ಕ್‌ಶಾಪು ಅಷ್ಟೇ ಜನರನ್ನಿಟ್ಟುಕೊಂಡು ಶೇ 40ರಷ್ಟು ಹೆಚ್ಚು ಕೆಲಸ ಎಲ್ಲಿಂದ ಮಾಡೀತು? ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ಇಳಿಸಬೇಡಿ. ಪಕ್ಕದವರು ಹೇಗೆ ಕೊಡುತ್ತಿದ್ದಾರೆ ಎಂಬ ತಲೆನೋವೂ ಬೇಡ. ಅವರಿಗೆ ಬಾಡಿಗೆ ಇಲ್ಲದಿರಬಹುದು, ಸಿಂಕಿನ ರಂಧ್ರಕ್ಕೂ ಅಂಚಿಗೂ ಬೇರೆ ಹಣ ಪಡೆಯುತ್ತಿರಬಹುದು, ಇಲ್ಲವೇ ನಿಮ್ಮಂತೆಯೇ ಲೆಕ್ಕ ತಿಳಿಯದೆ ಮುಳುಗುತ್ತಿರಬಹುದು. ಒಬ್ಬರ ದರಪಟ್ಟಿ ನೋಡಿ ಅವರ ಲಾಭವನ್ನು ಊಹಿಸಲಾಗದು.

ಸ್ಲ್ಯಾಬಿನ ಮೇಲೆ ಒಮ್ಮೆ ಟೇಪ್ ಹಿಡಿಯಿರಿ

ತುಂಡುಕಲ್ಲು ಬೆಳೆಯುತ್ತಿದೆ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಲ್ಲಿ.

10 ಅಡಿ ಉದ್ದ, 6 ಅಡಿ ಅಗಲದ ಸ್ಲ್ಯಾಬ್ ಒಂದನ್ನು ತೆಗೆದುಕೊಳ್ಳಿ. 60 ಚದರ ಅಡಿ. ಗ್ರಾಹಕರ ಕಟ್ಟೆಯ ಆಳ 24 ಅಂಗುಲ. ಕಾಗದದ ಮೇಲೆ ಲೆಕ್ಕ ಸರಳ: 72 ಅಂಗುಲದಲ್ಲಿ 24ರ ಮೂರು ಪಟ್ಟಿ, ಒಂದು ಚೂರೂ ವ್ಯರ್ಥವಿಲ್ಲ. ಆದರೆ ಸ್ಲ್ಯಾಬಿನ ಎರಡೂ ಅಂಚು ಒರಟಾಗಿರುತ್ತದೆ, ಮೂಲೆಗಳು ಮುರಿದಿರುತ್ತವೆ. ಅವನ್ನು ನೇರ ಮಾಡಲೇಬೇಕು. ಬ್ಲೇಡ್ ಪ್ರತಿ ಸಲ ಹಾದಾಗಲೂ 3ರಿಂದ 4 ಮಿಲಿಮೀಟರ್ ಕಲ್ಲನ್ನು ಪುಡಿ ಮಾಡುತ್ತದೆ. ಆ ಕಡೆಯ ಅಂಚು, ಈ ಕಡೆಯ ಅಂಚು, ನಡುವೆ ಎರಡು ಕಟ್. ಮೂರನೆಯ ಪಟ್ಟಿ 24 ಅಂಗುಲ ಬರುವುದೇ ಇಲ್ಲ. ಇನ್ನು ಗ್ರಾಹಕರು 25 ಅಂಗುಲ ಕೇಳಿದರಂತೂ ಮಾತೇ ಬೇಡ. ಎರಡು ಪಟ್ಟಿ ತೆಗೆದ ಮೇಲೆ ಸುಮಾರು 21 ಅಂಗುಲ ಅಗಲದ ಉದ್ದನೆಯ ತುಂಡು ಉಳಿಯುತ್ತದೆ, ಅಂದರೆ ಸ್ಲ್ಯಾಬಿನ ಶೇ 30ರಷ್ಟು. ನೀವು 60 ಚದರ ಅಡಿಗೆ ಹಣ ಕೊಟ್ಟಿರಿ, 42ಕ್ಕಿಂತ ಕಡಿಮೆಗೆ ಹಣ ಪಡೆದಿರಿ. ಉಳಿದದ್ದು ಅಂಗಳದಲ್ಲಿ ಗೋಡೆಗೆ ಒರಗಿ ನಿಂತಿದೆ.

ಅದೇ ಕಟ್ಟೆಯ ಆಳ 23.5 ಅಂಗುಲ ಆಗಿದ್ದರೆ ಮೂರು ಪಟ್ಟಿಗೆ 70.5 ಅಂಗುಲ ಸಾಕು. ಅಂಚು ತೆಗೆಯಲು, ಬ್ಲೇಡ್ ಹಾಯಲು ಒಂದೂವರೆ ಅಂಗುಲ ಕೈಯಲ್ಲಿರುತ್ತದೆ. ಅರ್ಧ ಅಂಗುಲದ ವ್ಯತ್ಯಾಸ, ಒಂದಿಡೀ ಪಟ್ಟಿಯ ಲಾಭ. ಎಲ್ಲ ಗ್ರಾಹಕರೂ ಒಪ್ಪುವುದಿಲ್ಲ. ಕ್ಯಾಬಿನೆಟ್ ಮೊದಲೇ ಕೂತಿದ್ದರೆ ಒಪ್ಪಿಸಲೂ ಬಾರದು. ಆದರೆ ಅಳತೆಗೆ ಹೋದಾಗಲೇ, ದರ ಹೇಳುವ ಮೊದಲೇ, ಸ್ಲ್ಯಾಬಿನ ಚಿತ್ರ ಬರೆದು ಪಟ್ಟಿಗಳನ್ನು ಅದರಲ್ಲಿ ಕೂರಿಸಿ ನೋಡುವ ಅಭ್ಯಾಸವಾದರೆ, ಯಾವ ಕೆಲಸ ಒಂದು ಸ್ಲ್ಯಾಬಿನಲ್ಲಿ ಮುಗಿಯುತ್ತದೆ, ಯಾವುದು ಎರಡನೆಯದನ್ನು ಒಡೆಸುತ್ತದೆ ಎಂಬುದು ಮುಂಚೆಯೇ ಗೊತ್ತಾಗುತ್ತದೆ. ಎರಡನೆಯ ಸ್ಲ್ಯಾಬನ್ನು ಎಂಟು ಚದರ ಅಡಿಗಾಗಿ ಒಡೆಯಬೇಕಾಗಿ ಬಂದರೆ ಆ ಸ್ಲ್ಯಾಬಿನ ಬೆಲೆ ಯಾರ ಲೆಕ್ಕಕ್ಕೆ ಎಂಬ ಮಾತು ಕಟಿಂಗ್‌ಗೆ ಮೊದಲು ಆಗಬೇಕು. ಗೆರೆಗಳಿರುವ ಕಲ್ಲಿನಲ್ಲಿ ಇದು ಇನ್ನೂ ಮುಖ್ಯ. ಮೂಲೆಯಲ್ಲಿ ಗೆರೆಗೆ ಗೆರೆ ಕೂಡಬೇಕು ಎಂದು ಗ್ರಾಹಕರು ಬಯಸಿದರೆ ಪಟ್ಟಿಯನ್ನು ಎಲ್ಲೆಂದರಲ್ಲಿ ತೆಗೆಯಲಾಗದು. ಅದೇ ವಿಸ್ತೀರ್ಣಕ್ಕೆ ಹೆಚ್ಚು ಕಲ್ಲು ಬೇಕು.

ತುಂಡುಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ‘ಅದು ಪುಕ್ಕಟೆ ಕಲ್ಲು, ಯಾವತ್ತಾದರೂ ಮಾರಿದರೆ ಪೂರ್ತಿ ಲಾಭ.’ ಪುಕ್ಕಟೆ ಅಲ್ಲ. ನೀವು ಹಣ ಕೊಟ್ಟು ಕೊಂಡದ್ದು. ಅಳತೆ, ಫೋಟೊ, ತಾರೀಖು ಬರೆದಿಡದ ತುಂಡು ಯಾರಿಗೂ ಸಿಗುವುದಿಲ್ಲ. ಹುಡುಕುವುದಕ್ಕಿಂತ ಹೊಸ ಸ್ಲ್ಯಾಬ್ ಒಡೆಯುವುದೇ ಸುಲಭ ಎಂದು ನಿಮ್ಮವರೇ ಒಡೆಯುತ್ತಾರೆ. ಎರಡು ಅಡಿ ಉದ್ದವೂ ಇಲ್ಲದ್ದನ್ನು ಇಡಲೇಬೇಡಿ. ದೊಡ್ಡದನ್ನು ಬಚ್ಚಲುಮನೆಯ ಸಿಂಕಿಗೆ, ಕಿಟಕಿಯ ಹಲಗೆಗೆ, ಕಪಾಟಿಗೆ ಎಂದು ಒಂದು ನಿಗದಿತ ದರಪಟ್ಟಿ ಮಾಡಿ ಮಾರಿ. ಆರು ತಿಂಗಳು ದಾಟಿದ್ದನ್ನು ಬಂದ ಬೆಲೆಗೆ ಕೊಟ್ಟುಬಿಡಿ. ಆ ಜಾಗಕ್ಕೂ ಬಾಡಿಗೆ ಕಟ್ಟುತ್ತಿದ್ದೀರಿ.

ಒಂದು ಮರುಕೆಲಸ, ಇಪ್ಪತ್ತು ಕಟ್ಟೆ

ಒಂದು ಕಟ್ಟೆಗೆ 5 ಉಳಿಯುತ್ತದೆ ಎಂದೆವು. ಒಂದು ಕಟ್ಟೆ ಅಳತೆ ತಪ್ಪಿ ಅಥವಾ ಒಡೆದು ಮತ್ತೆ ಮಾಡಬೇಕಾಗಿ ಬಂದರೆ ಮತ್ತೆ 100 ಖರ್ಚು. ಇಪ್ಪತ್ತು ಒಳ್ಳೆಯ ಕೆಲಸಗಳ ಲಾಭ ಒಂದೇ ಏಟಿಗೆ ಹೋಯಿತು. ತಿಂಗಳಿಗೆ 20 ಕಟ್ಟೆ ಮಾಡುವ ವರ್ಕ್‌ಶಾಪಿನಲ್ಲಿ ತಿಂಗಳಿಗೆ ಒಂದೇ ಒಂದು ಮರುಕೆಲಸವಿದ್ದರೆ ವರ್ಷದ ಕೊನೆಗೆ ಶೂನ್ಯ. ನಿಮ್ಮ ಪತ್ರದಲ್ಲಿ ಮರುಕೆಲಸದ ಮಾತೇ ಇಲ್ಲ. ಇಲ್ಲದ್ದಕ್ಕೆ ಬರೆದಿಲ್ಲವೋ, ಲೆಕ್ಕವಿಡದ್ದಕ್ಕೆ ಬರೆದಿಲ್ಲವೋ ನೀವೇ ನೋಡಿಕೊಳ್ಳಬೇಕು.

ಮರುಕೆಲಸ ಹುಟ್ಟುವುದು ಹೆಚ್ಚಾಗಿ ಕಟ್ಟರಿನ ಮುಂದೆ ಅಲ್ಲ, ಗ್ರಾಹಕರ ಮನೆಯಲ್ಲಿ. ಕ್ಯಾಬಿನೆಟ್ ಇನ್ನೂ ಬಂದಿಲ್ಲ, ‘ಇಷ್ಟೇ ಅಳತೆ ಇರುತ್ತದೆ, ಬರೆದುಕೊಳ್ಳಿ’ ಎನ್ನುತ್ತಾರೆ. ಬರೆದುಕೊಳ್ಳಬೇಡಿ. ಕ್ಯಾಬಿನೆಟ್ ಗೋಡೆಗೆ ಬಿಗಿಯಾಗಿ ಕೂತು, ಅದರ ಮೇಲೆ ರಸಮಟ್ಟ ಇಟ್ಟು ನೋಡಿದ ಮೇಲೆಯೇ ಟೆಂಪ್ಲೇಟ್, ಅಂದರೆ ಕಟ್ಟೆಯ ಅಳತೆಯಚ್ಚು, ತೆಗೆಯಿರಿ. ಗೋಡೆಗಳು ಮೂಲೆಮಟ್ಟಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿ ಇರುವುದು ಅಪರೂಪ. ಒಂದು ಬದಿಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತು ಹಾಕಿ ಕರ್ಣ 5 ಅಡಿ ಬರುತ್ತದೆಯೇ ನೋಡಿ. ಸಿಂಕು ಎದುರಿಗಿಲ್ಲದೆ ಅದರ ರಂಧ್ರದ ಅಳತೆ ತೆಗೆಯಬೇಡಿ. ಕಟ್ಟೆಯೊಳಗೆ ಕೂರಿಸುವ ಒಲೆಗೂ (ಹಾಬ್) ಇದೇ ಮಾತು. ನಲ್ಲಿಯ ರಂಧ್ರ ಎಲ್ಲಿ, ಜಾಯಿಂಟ್ ಎಲ್ಲಿ ಬರುತ್ತದೆ, ಅಂಚು ಯಾವ ಬಗೆ, ಮುಂದೆ ಎಷ್ಟು ಚಾಚಬೇಕು, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಗ್ರಾಹಕರ ಸಹಿ ಪಡೆಯಿರಿ. ಆರಿಸಿದ ಸ್ಲ್ಯಾಬಿನ ಫೋಟೊಗೂ ಸಹಿ. ನೈಸರ್ಗಿಕ ಕಲ್ಲು ಮಾದರಿ ತುಂಡಿನಂತೆ ಇರುವುದಿಲ್ಲ ಎಂಬ ಜಗಳವೂ ಅಲ್ಲಿಗೇ ಮುಗಿಯುತ್ತದೆ. ಅಮೃತಶಿಲೆ ಬೇಕೆಂದವರಿಗೆ, ಹುಳಿ ಬಿದ್ದ ಜಾಗದಲ್ಲಿ ಹೊಳಪು ಹೋಗುತ್ತದೆ ಎಂಬ ಸಾಲೂ ಆ ಹಾಳೆಯಲ್ಲಿರಲಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲಕ್ಕೆ ಕರಗುವುದು ಅದರ ಗುಣ, ನಿಮ್ಮ ಪಾಲಿಶಿನ ದೋಷವಲ್ಲ.

ಇನ್ನು ಒಡೆಯುವ ಕಲ್ಲು. ಸಿಂಕಿನ ರಂಧ್ರವನ್ನು ಕೈ ಕಟ್ಟರಿನಲ್ಲಿ ಕೊರೆಯುವುದನ್ನು ಹತ್ತಿರ ನಿಂತು ನೋಡಿ. ಬ್ಲೇಡ್ ದುಂಡಗಿರುತ್ತದೆ, ಮೇಲ್ಮೈಯಲ್ಲಿ ಮೂಲೆ ಮುಟ್ಟಿದಾಗ ಕಲ್ಲಿನ ಅಡಿಭಾಗದಲ್ಲಿ ಇನ್ನೂ ಮುಟ್ಟಿರುವುದಿಲ್ಲ. ಅಡಿಯವರೆಗೂ ಕೊರೆಯಬೇಕೆಂದು ಕೆಲಸಗಾರ ಬ್ಲೇಡನ್ನು ಮೂಲೆಯಾಚೆಗೆ ಸ್ವಲ್ಪ ಒತ್ತುತ್ತಾನೆ. ಅಲ್ಲಿ ಕೂದಲಿನಷ್ಟು ಗೀರು ಬೀಳುತ್ತದೆ, ಸಿಂಕಿನ ಅಂಚು ಅದನ್ನು ಮುಚ್ಚುತ್ತದೆ, ಎಲ್ಲರೂ ಮರೆಯುತ್ತಾರೆ. ಆದರೆ ಒತ್ತಡವೆಲ್ಲ ಬಂದು ಸೇರುವುದು ಆ ಚೂಪು ಮೂಲೆಯಲ್ಲೇ. ಸಾಗಿಸುವಾಗಲೋ, ಕೂರಿಸಿದ ಕೆಲವು ತಿಂಗಳ ಮೇಲೋ ಬಿರುಕು ಹೊರಡುವುದು ಅಲ್ಲಿಂದ. ಮೊದಲು ನಾಲ್ಕು ಮೂಲೆಗೂ ಕೋರ್ ಬಿಟ್‌ನಲ್ಲಿ (ಕೊಳವೆಯಾಕಾರದ ಡ್ರಿಲ್ ಬಿಟ್) ದುಂಡು ರಂಧ್ರ ಹಾಕಿ, ಆಮೇಲೆ ರಂಧ್ರದಿಂದ ರಂಧ್ರಕ್ಕೆ ಕತ್ತರಿಸಿದರೆ ಈ ರಗಳೆಯೇ ಇಲ್ಲ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಸಿಂಕಿನ ಮುಂದೆ ಉಳಿಯುವ ಎರಡು ಮೂರು ಅಂಗುಲದ ಪಟ್ಟಿ ಕಟ್ಟೆಯಲ್ಲೇ ಅತ್ಯಂತ ದುರ್ಬಲ ಜಾಗ. ಅಡಿಭಾಗದಲ್ಲಿ ಉದ್ದಕ್ಕೆ ತೋಡು ಕೊರೆದು ಸರಳು ಕೂರಿಸಿ ಎಪಾಕ್ಸಿ ಅಂಟು ತುಂಬುವುದು ಒಳ್ಳೆಯ ಪದ್ಧತಿ. ಆದರೆ ಸಾಮಾನ್ಯ ಕಬ್ಬಿಣದ ಸರಳು ಬೇಡ. ನೀರು ಸೇರಿ ತುಕ್ಕು ಹಿಡಿದರೆ ಅದು ಉಬ್ಬಿ, ಕಾಪಾಡಬೇಕಾದ ಕಲ್ಲನ್ನೇ ಸೀಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಫೈಬರ್‌ಗ್ಲಾಸ್ ಬಳಸಿ. 20 ಮಿಲಿಮೀಟರ್ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ, 30 ಮಿಲಿಮೀಟರ್ ಏಳೂವರೆ ಕೆ.ಜಿ. ಇಡೀ ಸ್ಲ್ಯಾಬ್ ಎಂದರೆ 300 ಕೆ.ಜಿ. ದಾಟುವ ಭಾರ. ಯಾವುದನ್ನೂ ಅಡ್ಡ ಮಲಗಿಸಿ ಹೊರಬಾರದು. ನಿಲ್ಲಿಸಿಯೇ ಸಾಗಿಸಬೇಕು, ಇಳಿಜಾರು ಚೌಕಟ್ಟಿಗೆ ಒರಗಿಸಿ ಬಿಗಿಯಬೇಕು. ಸ್ಲ್ಯಾಬ್ ವಾಲತೊಡಗಿದರೆ ಕೈಕೊಟ್ಟು ತಡೆಯಬೇಡಿ, ದೂರ ಸರಿಯಿರಿ ಎಂದು ನಿಮ್ಮವರಿಗೆ ದಿನವೂ ಹೇಳಿ. ಕಲ್ಲು ಹೋದರೆ ಇನ್ನೊಂದು ಬರುತ್ತದೆ.

ಸಿಎನ್‌ಸಿ ಬೇಕೆ?

ಮಗನ ಆಸೆ ತಪ್ಪಲ್ಲ. ಆದರೆ ಯಂತ್ರವೇ ಲಾಭ ತರುತ್ತದೆ ಎನ್ನುವುದು ಯಂತ್ರ ಮಾರುವವರ ಮಾತು. ಯಂತ್ರ ಓಡಿದರೂ ಓಡದಿದ್ದರೂ ಕಂತು ಓಡುತ್ತದೆ.

ಸಂಜೆ ಕೆಲಸ ನಿಂತ ಮೇಲೆ ವರ್ಕ್‌ಶಾಪಿನಲ್ಲಿ ಒಂದು ಸುತ್ತು ಹಾಕಿ, ಅರ್ಧಂಬರ್ಧ ಕೆಲಸ ಎಲ್ಲಿ ರಾಶಿ ಬಿದ್ದಿದೆ ನೋಡಿ. ಕಟ್ಟರಿನ ಮುಂದೆ ಸ್ಲ್ಯಾಬುಗಳು ಕಾಯುತ್ತಿದ್ದರೆ ಇಕ್ಕಟ್ಟು ಕಟಿಂಗ್‌ನಲ್ಲಿದೆ. ಕತ್ತರಿಸಿದ ಪಟ್ಟಿಗಳು ಪಾಲಿಶ್‌ನವರ ಪಕ್ಕದಲ್ಲಿ ಸಾಲುಗಟ್ಟಿದ್ದರೆ ಇಕ್ಕಟ್ಟು ಅಂಚಿನಲ್ಲಿದೆ. ಮುಗಿದ ಕಟ್ಟೆಗಳೇ ಗೇಟಿನ ಬಳಿ ನಿಂತಿದ್ದರೆ ಯಾವ ಯಂತ್ರವೂ ನೆರವಿಗೆ ಬಾರದು. ಗ್ರಾಹಕರ ಮನೆ ಸಿದ್ಧವಾಗುವ ಮೊದಲೇ ನೀವು ಕತ್ತರಿಸುತ್ತಿದ್ದೀರಿ, ಅಥವಾ ಫಿಟ್ಟಿಂಗ್‌ಗೆ ಇನ್ನೊಂದು ಜೋಡಿ ಬೇಕು. ಎರಡು ವಾರ ಬಿಡದೆ ನೋಡಿ, ಒಂದು ದಿನದ ನೋಟ ಮೋಸ ಮಾಡುತ್ತದೆ.

ಇಕ್ಕಟ್ಟಿನ ಜಾಗ ಗೊತ್ತಾದ ಮೇಲೆ ದರ ಹೇಳುವ ರೀತಿಯೂ ಬದಲಾಗುತ್ತದೆ. ಇಕ್ಕಟ್ಟು ಪಾಲಿಶ್‌ನಲ್ಲಿದೆ ಎನ್ನೋಣ. ಒಂದು ನೇರ ಕಟ್ಟೆ, ಕಲ್ಲು ಕೂಲಿ ಕಳೆದು 20 ಕೊಡುತ್ತದೆ, ಪಾಲಿಶ್‌ಗೆ 4 ಗಂಟೆ. ಇನ್ನೊಂದು, ಅಂಚಿಗೆ 45 ಡಿಗ್ರಿಯಲ್ಲಿ ಪಟ್ಟಿ ಅಂಟಿಸಿ ದಪ್ಪ ತೋರಿಸುವ ಭಾರಿ ಕಟ್ಟೆ, 30 ಕೊಡುತ್ತದೆ, 10 ಗಂಟೆ. ಎರಡನೆಯದೇ ಲಾಭದ ಕೆಲಸ ಎಂದು ಯಾರಾದರೂ ಹೇಳುತ್ತಾರೆ. ಆದರೆ ನಿಮ್ಮ ಬಳಿ ಕಡಿಮೆ ಇರುವುದು ಪಾಲಿಶ್ ಗಂಟೆ. ಮೊದಲನೆಯದು ಗಂಟೆಗೆ 5 ತಂದಿತು, ಎರಡನೆಯದು 3. ಭಾರಿ ಕಟ್ಟೆ ಮಾಡಬೇಡಿ ಎಂದಲ್ಲ, ಅದರ ಬೆಲೆ 30 ಅಲ್ಲ, 50 ತರುವಂತಿರಬೇಕು. ಚದರ ಅಡಿಯ ದರದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಈಗ ಯಂತ್ರಕ್ಕೆ ಬರೋಣ. ಸಿಂಕಿನ ಒಳ ಅಂಚು, ದುಂಡು ಅಂಚು, ಬಾಗು ಇಂಥ ಕೆಲಸಗಳೇ ಹೆಚ್ಚಿದ್ದರೆ ಸಿಎನ್‌ಸಿ ನಿಜವಾಗಿಯೂ ಗಂಟೆಗಳನ್ನು ಉಳಿಸುತ್ತದೆ. ಆದರೆ ಅದಕ್ಕೆ ಡಿಜಿಟಲ್ ಅಳತೆ ಬೇಕು, ಚಿತ್ರ ಬರೆಯುವವರು ಬೇಕು, ಅದರ ಟೂಲುಗಳು ಸವೆಯುತ್ತವೆ, ನಡೆಸಬಲ್ಲ ಒಬ್ಬನೇ ಆಪರೇಟರ್ ಕೆಲಸ ಬಿಟ್ಟರೆ ಯಂತ್ರ ಸುಮ್ಮನೆ ನಿಲ್ಲುತ್ತದೆ. ಅಳತೆಯೇ ತಪ್ಪಿದ್ದರೆ ಸಿಎನ್‌ಸಿ ಆ ತಪ್ಪನ್ನು ಅತ್ಯಂತ ನಿಖರವಾಗಿ ಕತ್ತರಿಸಿಕೊಡುತ್ತದೆ. ನಿಮ್ಮ ಕೆಲಸದ ಬಹುಪಾಲು ನೇರ ಅಂಚಾಗಿದ್ದರೆ, ಸಾಲಾಗಿ ಪಾಲಿಶ್ ಮಾಡುವ ಅಂಚು ಯಂತ್ರ ಅದರ ಒಂದು ಪಾಲಿನ ಬೆಲೆಗೆ ಇಕ್ಕಟ್ಟು ಬಿಡಿಸುತ್ತದೆ. ನನ್ನ ಸಲಹೆ: ಮೂರು ತಿಂಗಳು ಪ್ರತಿ ಕೆಲಸಕ್ಕೂ ಕಟಿಂಗ್, ಪಾಲಿಶ್, ಫಿಟ್ಟಿಂಗ್‌ನ ಗಂಟೆಗಳನ್ನು ಬರೆಸಿ. ಸಿಎನ್‌ಸಿ ಉಳಿಸಬಹುದಾದ ಗಂಟೆಗಳ ಬೆಲೆ ತಿಂಗಳ ಕಂತಿಗಿಂತ ಸಾಕಷ್ಟು ಹೆಚ್ಚಿದ್ದರೆ, ಕೆಲಸ ಶೇ 25 ಇಳಿದ ತಿಂಗಳಲ್ಲೂ ಕಂತು ಕಟ್ಟಬಲ್ಲಿರಾದರೆ, ಕೊಳ್ಳಿ. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಬೇಡ. ಆ ಮೂರು ತಿಂಗಳ ಪುಸ್ತಕವನ್ನು ಮಗನ ಕೈಗೇ ಕೊಡಿ. ಯಂತ್ರ ಬೇಕೆನ್ನುವವರೇ ಲೆಕ್ಕ ಬರೆಯಲಿ.

ಕ್ವಾರ್ಟ್ಸ್ ಮತ್ತು ದೂಳು

ಕ್ವಾರ್ಟ್ಸ್ ಮಾಡಿದರೆ ಲಾಭ ಎನ್ನುವುದರಲ್ಲಿ ಅರ್ಧ ಸತ್ಯವಿದೆ. ಬಣ್ಣ ಏಕರೂಪವಾಗಿರುವುದರಿಂದ ಒಂದೇ ಬ್ಯಾಚಿನ ತುಂಡುಗಳನ್ನು ಹೊಂದಿಸುವುದು ಸುಲಭ, ಒಳಗೆ ಅಡಗಿದ ಬಿರುಕಿನ ಭಯ ಕಡಿಮೆ. ಆದರೆ ಸ್ಲ್ಯಾಬ್ ದುಬಾರಿಯಾದಷ್ಟೂ ಒಂದು ತಪ್ಪು ಕಟ್‌ನ ಬೆಲೆಯೂ ದುಬಾರಿ. ಅದರಲ್ಲಿ ಪುಡಿಯನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್, ಬಿಸಿ ತಡೆಯದು. ಒಲೆಯಿಂದ ಇಳಿಸಿದ ಪಾತ್ರೆ ನೇರವಾಗಿ ಇಟ್ಟರೆ ಕಲೆಯಾಗಬಹುದು, ಬಿರುಕೂ ಬಿಡಬಹುದು. ಬಿಸಿಲು ಬೀಳುವ ಹೊರಾಂಗಣಕ್ಕೂ ಸಲ್ಲದು, ಬಣ್ಣ ಮಾಸುತ್ತದೆ. ಇವನ್ನೆಲ್ಲ ಗ್ರಾಹಕರಿಗೆ ಬರೆದುಕೊಡದಿದ್ದರೆ ದೂರು ನಿಮ್ಮ ಬಾಗಿಲಿಗೇ ಬರುತ್ತದೆ.

ಸ್ಲ್ಯಾಬ್ ಮಾರುವವರು ಹೇಳದ ಇನ್ನೊಂದು ಮಾತಿದೆ, ಅದು ಲಾಭಕ್ಕಿಂತ ದೊಡ್ಡದು. ಕೃತಕ ಕ್ವಾರ್ಟ್ಸ್ ಸ್ಲ್ಯಾಬುಗಳಲ್ಲಿ ಸಾಂಪ್ರದಾಯಿಕವಾಗಿ ತೂಕದ ಶೇ 90ರಷ್ಟು ಅಥವಾ ಅದಕ್ಕೂ ಹೆಚ್ಚು ಪುಡಿ ಮಾಡಿದ ಕ್ವಾರ್ಟ್ಸ್ ಇರುತ್ತದೆ, ಅಂದರೆ ಸ್ಫಟಿಕ ರೂಪದ ಸಿಲಿಕಾ. ಗ್ರಾನೈಟಿನಲ್ಲಿ ಅದು ಸಾಮಾನ್ಯವಾಗಿ ಶೇ 45ರೊಳಗೆ, ಅಮೃತಶಿಲೆಯಲ್ಲಿ ಬಹಳ ಕಡಿಮೆ. ಒಣದಾಗಿ ಕತ್ತರಿಸಿದಾಗ ಏಳುವ ಸಣ್ಣ ದೂಳು ಕಣ್ಣಿಗೆ ಕಾಣದಷ್ಟು ನಯವಾಗಿದ್ದು ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಗುಣಪಡಿಸುವ ಔಷಧವಿಲ್ಲ. ದೂಳಿನಿಂದ ದೂರ ಸರಿದ ಮೇಲೂ ರೋಗ ಬೆಳೆಯಬಹುದು. 1997ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಂಥ ಸಿಲಿಕಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಮೆರಿಕದ 2016ರ ನಿಯಮದ ಪ್ರಕಾರ, 8 ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 50 ಮೈಕ್ರೊಗ್ರಾಂಗಿಂತ ಹೆಚ್ಚು ಇರುವಂತಿಲ್ಲ. ಇಸ್ರೇಲ್, ಸ್ಪೇನ್, ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾಗಳಲ್ಲಿ ಕೃತಕ ಕಲ್ಲು ಕತ್ತರಿಸುವ ಹರೆಯದ ಕೆಲಸಗಾರರೇ ಈ ರೋಗಕ್ಕೆ ತುತ್ತಾದರು. ಕೊನೆಗೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಸ್ಲ್ಯಾಬುಗಳ ತಯಾರಿಕೆ, ಪೂರೈಕೆ, ಕತ್ತರಿಸುವಿಕೆ, ಅಳವಡಿಕೆ ಎಲ್ಲವನ್ನೂ ನಿಷೇಧಿಸಿತು. ಸಿಲಿಕಾ ಕಡಿಮೆ ಇರುವ ಸ್ಲ್ಯಾಬುಗಳು ಈಗ ಬರುತ್ತಿವೆ. ಕೊಳ್ಳುವಾಗ ಸುರಕ್ಷತಾ ಮಾಹಿತಿ ಹಾಳೆ ಕೇಳಿ ಪಡೆಯಿರಿ.

ಕ್ವಾರ್ಟ್ಸ್ ಮಾಡಿ, ಗ್ರಾನೈಟ್ ಮಾಡಿ, ಒಣ ಕಟಿಂಗ್ ಮಾತ್ರ ನಿಲ್ಲಿಸಿ. ಗ್ರಾಹಕರ ಮನೆಯಲ್ಲಿ ‘ಸ್ವಲ್ಪವೇ ತೀಡಿಬಿಡುತ್ತೇನೆ’ ಎಂದು ಗ್ರೈಂಡರ್ ಹಚ್ಚುವುದೂ ಇದರಲ್ಲಿ ಸೇರಿತು. ಕೈ ಯಂತ್ರಗಳಿಗೂ ನೀರಿನ ಸಂಪರ್ಕ, ಗಾಳಿ ಹೊರಹಾಕುವ ವ್ಯವಸ್ಥೆ, ಮುಖಕ್ಕೆ ಸರಿಯಾಗಿ ಕೂರುವ, ದೂಳು ಸೋಸುವ ಮುಖಕವಚ (ರೆಸ್ಪಿರೇಟರ್) ಬೇಕು. ಬಟ್ಟೆಯ ಮಾಸ್ಕ್ ಈ ದೂಳಿಗೆ ಲೆಕ್ಕಕ್ಕಿಲ್ಲ. ನೆಲದ ಮೇಲೆ ಹರಿದ ಕಲ್ಲಿನ ರಾಡಿ ಒಣಗಿದರೆ ಮತ್ತೆ ಅದೇ ದೂಳು. ಒದ್ದೆಯಿರುವಾಗಲೇ ತೆಗೆಯಿರಿ, ಒಣ ಪೊರಕೆ ಬೇಡ, ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆ ಝಾಡಿಸುವುದಂತೂ ಬೇಡವೇ ಬೇಡ. ಇದಕ್ಕೆಲ್ಲ ಆಗುವ ಖರ್ಚು ದರದಲ್ಲಿ ಸೇರಬೇಕು. ಸೇರಿಸಿದರೆ ಗಿರಾಕಿ ಹೋಗುತ್ತಾರೆ ಎನ್ನುವವರು ಕೆಲಸಗಾರರ ಶ್ವಾಸಕೋಶದಿಂದ ಗ್ರಾಹಕರಿಗೆ ರಿಯಾಯಿತಿ ಕೊಡುತ್ತಿದ್ದಾರೆ.

ದರ ಹೇಳುವ ದಾರಿಗಳು

ಚದರ ಅಡಿ ದರವನ್ನು ಒಮ್ಮೆಗೇ ಬಿಡಲಾಗದು, ಗ್ರಾಹಕರು ಕೇಳುವುದೇ ಅದನ್ನು. ಹೊರಗೆ ಚದರ ಅಡಿ ದರವನ್ನೇ ಹೇಳಿ, ಸಿಂಕು, ಹಾಬ್, ನಲ್ಲಿಯ ರಂಧ್ರ, ಅಂಚಿನ ಉದ್ದ, ಜಾಯಿಂಟ್, ಮೆಟ್ಟಿಲು ಹತ್ತಿಸುವ ಕೂಲಿ ಇವಕ್ಕೆ ಬೇರೆ ಬೇರೆ ದರ ಇಡುವುದು ಒಂದು ದಾರಿ. ಸುಲಭ, ಆದರೆ ‘ಅವರು ಸಿಂಕಿಗೆ ಹಣ ತೆಗೆದುಕೊಳ್ಳುವುದಿಲ್ಲ’ ಎಂಬ ಚೌಕಾಶಿಗೆ ದಾರಿಯಾಗುತ್ತದೆ, ಸ್ಲ್ಯಾಬಿನ ವ್ಯರ್ಥವೂ ಇದರಲ್ಲಿ ಕಾಣುವುದಿಲ್ಲ. ಬಳಸಿದ ಸ್ಲ್ಯಾಬುಗಳ ಪೂರ್ತಿ ಬೆಲೆ ಹಿಡಿದು, ಉಳಿದ ತುಂಡನ್ನು ಗ್ರಾಹಕರಿಗೇ ಕೊಡುವುದು ಇನ್ನೊಂದು. ದುಬಾರಿ ಕಲ್ಲಿಗೆ ಇದೇ ನ್ಯಾಯ, ಅಗ್ಗದ ಕಲ್ಲಿಗೆ ಗ್ರಾಹಕರು ಓಡಿಹೋಗುತ್ತಾರೆ. ನನಗೆ ಸರಿ ಕಾಣುವುದು ಮೂರನೆಯದು: ಒಳಗೆ ಸ್ಲ್ಯಾಬು, ಗಂಟೆ, ಸಾಗಣೆ ಎಲ್ಲ ಲೆಕ್ಕ ಹಾಕಿ, ಗ್ರಾಹಕರಿಗೆ ಇಡೀ ಕಟ್ಟೆಗೆ ಒಂದೇ ಮೊತ್ತ ಹೇಳುವುದು. ಇದಕ್ಕೆ ಗಂಟೆಗಳ ದಾಖಲೆ ಬೇಕು, ಆ ಪುಸ್ತಕವಿಲ್ಲದೆ ಹೇಳಿದರೆ ಊಹೆಯ ಮೊತ್ತವಾಗುತ್ತದೆ. ಯಾವುದೇ ದಾರಿಯಾಗಲಿ, ಸ್ಲ್ಯಾಬಿನ ಬೆಲೆಯಷ್ಟಾದರೂ ಮುಂಗಡ ಕೈಸೇರುವವರೆಗೆ ಕಲ್ಲಿಗೆ ಬ್ಲೇಡ್ ತಾಗಿಸಬೇಡಿ. ಬಾಕಿ ಹಣ ಫಿಟ್ಟಿಂಗ್ ಮುಗಿದ ದಿನವೇ ಬರಬೇಕು. ನಲ್ಲಿಯವರು ಬರಲಿ, ಬಣ್ಣದವರು ಮುಗಿಸಲಿ ಎಂದು ಮುಂದೂಡಿದ್ದು ತಿಂಗಳುಗಟ್ಟಲೆ ನಿಲ್ಲುತ್ತದೆ.

ಕೊನೆಗೆ ಆ 60 ಮನೆಗಳ ಆರ್ಡರ್. ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ, 60 ಎಂಬ ಸಂಖ್ಯೆ ನೋಡಿ ಒಪ್ಪಲೂ ಬೇಡಿ. ಒಂದೇ ಅಳತೆಯ ಕಟ್ಟೆಗಳು ಮತ್ತೆ ಮತ್ತೆ ಬರುವುದರಲ್ಲಿ ನಿಜವಾದ ಲಾಭ ಅಡಗಿದೆ, ಆದರೆ ಅಳತೆಯನ್ನು ತೀರ್ಮಾನಿಸುವಾಗ ನೀವು ಅಲ್ಲಿರಬೇಕು. ಪ್ರತಿ ಮನೆಗೂ ಒಂಬತ್ತೂವರೆ ಅಡಿಯ ಒಂದು ನೇರ ಕಟ್ಟೆ ಎಂದಿಟ್ಟುಕೊಳ್ಳಿ. ಆಳ 25 ಅಂಗುಲವಾದರೆ ಸ್ಲ್ಯಾಬಿಗೆ ಎರಡು ಮನೆ, ಒಟ್ಟು 30 ಸ್ಲ್ಯಾಬ್. ಕ್ಯಾಬಿನೆಟ್ ಮಾಡುವ ಮೊದಲೇ ಆಳವನ್ನು 23.5ಕ್ಕೆ ಒಪ್ಪಿಸಿದರೆ ಸ್ಲ್ಯಾಬಿಗೆ ಮೂರು ಮನೆ, 20 ಸ್ಲ್ಯಾಬ್ ಸಾಕು. ಹತ್ತು ಸ್ಲ್ಯಾಬಿನ ಬೆಲೆಯಲ್ಲಿ ಒಂದು ಪಾಲನ್ನು ಬಿಲ್ಡರಿಗೆ ದರದಲ್ಲಿ ಬಿಟ್ಟುಕೊಟ್ಟರೂ ನಿಮಗೆ ಉಳಿಯುತ್ತದೆ. ಕ್ಯಾಬಿನೆಟ್ ಈಗಾಗಲೇ ಕೂತಿದ್ದು 25 ಅಂಗುಲವೇ ಬೇಕೆಂದರೆ ಅವರ ದರಕ್ಕೆ ಈ ಕೆಲಸ ನಿಮಗೆ ಬೇಡ. ಒಪ್ಪುವುದಾದರೆ ಹತ್ತು ಹತ್ತು ಮನೆಗಳ ಕಂತಾಗಿ ಮಾಡಿ: ಪ್ರತಿ ಹತ್ತಕ್ಕೂ ಸ್ಲ್ಯಾಬಿನ ಹಣ ಮೊದಲು, ಮೊದಲ ಮನೆಯಲ್ಲಿ ಕೂರಿಸಿ ತೋರಿಸಿ ಬಿಲ್ಡರ್ ಕಡೆಯವರ ಸಹಿ, ಮಾಡಿದ ಹತ್ತರ ಬಾಕಿ ಬಂದ ಮೇಲೆ ಮುಂದಿನ ಹತ್ತರ ಅಳತೆ. ನಿಮ್ಮ ಬಿಡಿ ಗ್ರಾಹಕರ ಎರಡು ವಾರದ ಕಾಯುವಿಕೆ ಇದರಿಂದ ನಾಲ್ಕು ವಾರಕ್ಕೆ ಹೋಗದಂತೆ, ವಾರಕ್ಕೆ ಇಷ್ಟೇ ಮನೆ ಎಂಬ ಮಿತಿಯನ್ನೂ ಕರಾರಿನಲ್ಲೇ ಬರೆಸಿ.